ಮಾವ ಕಳಿಸಿದ ಮೂಟೆಗಳು

ತೀರ್ಥಹಳ್ಳಿ
18 ನವೆಂಬರ್ 2024

ಅಳಿಯಂದಿರಾದ ಚಿರಂಜೀವಿ ತೀರ್ಥೇಶ್ ಅವರಿಗೆ ಮಾವ ಮುಕುಂದಯ್ಯನ ಆಶೀರ್ವಾದಗಳು.

ಈ ಕಾಗದ ನಿಮಗೆ ಮೂಟೆಯ ಬಾಯಲ್ಲಿ ಸಿಗುತ್ತದೆ. ಕಂಡಕ್ಟರ್ ಶಂಭುವಿನ ಕೈಗೆ ಕೊಟ್ಟರೆ ಎಲ್ಲಾದರೂ ಬೀಳಿಸಿಬಿಡುತ್ತಾನೆ ಎಂದು ಮೂಟೆ ಹೊಲಿಯುವ ಮೊದಲೇ ಒಳಗೆ ಇಟ್ಟಿದ್ದೇನೆ. ಫೋನ್ ಮಾಡಬಹುದಿತ್ತು ಅಂತೀರಿ. ನಿಟ್ಟೂರಿನ ನಿಮ್ಮ ಶೆಡ್ಡಿನ ಹತ್ತಿರ ಸಿಗ್ನಲ್ ಇಲ್ಲ, ನನ್ನ ಕಿವಿಯಲ್ಲೂ ಇಲ್ಲ. ಹೋದ ತಿಂಗಳು ದೀಪಶ್ರೀ ಗುಡ್ಡ ಹತ್ತಿ ಫೋನಿನಲ್ಲಿ ಕೂಗಿದ್ದು ನಮ್ಮ ಪಕ್ಕದ ಮನೆಯವರಿಗೆಲ್ಲ ಕೇಳಿತಂತೆ, ನನಗೆ ಮಾತ್ರ ಕೇಳಲಿಲ್ಲ. ಮಗಳ ಮನೆ ಸುದ್ದಿಯನ್ನು ಪಕ್ಕದ ಮನೆಯವರಿಂದ ಕೇಳಿ ತಿಳಿಯುವ ಗತಿ ನನಗೆ ಬೇಡ. ಕಾಗದವೇ ವಾಸಿ.

ನೀವು ಕಂಪನಿಯ ಕೋಳಿ ಸಾಕುವುದನ್ನು ಬಿಟ್ಟು ಸ್ವಂತಕ್ಕೆ ಮರಿ ಬಿಟ್ಟಿರಿ ಎಂಬ ವಿಷಯ ತಿಳಿದು ನನಗೆ ಎಷ್ಟು ಹೆಮ್ಮೆ ಆಯಿತೆಂದು ಬರೆಯಲು ಬರುವುದಿಲ್ಲ. ಪಶು ಆಸ್ಪತ್ರೆಯ ಕೆಲಸದಲ್ಲಿ ನಾನು ನೋಡದ ಶೆಡ್ಡಿಲ್ಲ. ಕಂಪನಿಯವರು ಮರಿ ತಂದು ಬಿಡುತ್ತಾರೆ, ಫೀಡು ತಂದು ಹಾಕುತ್ತಾರೆ, ಬೆಳೆದ ಮೇಲೆ ಲಾರಿಯಲ್ಲಿ ತುಂಬಿಕೊಂಡು ಹೋಗುತ್ತಾರೆ. ಸಾಕಿದವನಿಗೆ ಕೂಲಿ. ಶೆಡ್ಡು ತನ್ನದೇ ಆದರೂ ತನ್ನ ಶೆಡ್ಡಿನಲ್ಲಿ ತಾನೇ ಆಳು. ಅದನ್ನು ಬಿಟ್ಟು ಬರುವುದಕ್ಕೆ ಗುಂಡಿಗೆ ಬೇಕು, ಅದು ನಿಮಗಿದೆ.

ನನ್ನಿಂದ ಆಗುವುದು ಇಷ್ಟೇ. ನಿವೃತ್ತಿಯಾದ ಮೇಲೆ ಹಿತ್ತಲಲ್ಲಿ ಖನಿಜ ಮಿಶ್ರಣ ಮಾಡುತ್ತಿರುವುದು ನಿಮಗೆ ಗೊತ್ತು. ಕಾಂಕ್ರೀಟ್ ಕಲಸುವ ಸಣ್ಣ ಮಿಕ್ಸರ್ ಹೊಸದೇ ತರಿಸಿ ಅದರಲ್ಲೇ ಕಲಸುತ್ತೇನೆ. ಮನೆ ಕಟ್ಟುತ್ತಿದ್ದೀರಾ ಎಂದು ದಾರಿಯಲ್ಲಿ ಹೋಗುವವರು ಕೇಳುತ್ತಾರೆ. ಕೋಳಿಯ ಕಾಲು ಕಟ್ಟುತ್ತಿದ್ದೇನೆ ಎನ್ನುತ್ತೇನೆ. ಎಲುಬಿಗೆ ಬೇಕಾದ ಸುಣ್ಣದ ಅಂಶ, ರಂಜಕ, ಉಪ್ಪು, ಸತು, ಮ್ಯಾಂಗನೀಸು, ನಾವು ತೋಟಕ್ಕೆ ಹೊಡೆಯುವ ಅದೇ ಮೈಲುತುತ್ತ ಒಂದು ಚಿಟಿಕೆ, ಎಲ್ಲ ಲೆಕ್ಕದಲ್ಲಿ ಬಿದ್ದಿದೆ. ಮಾರುವ ಮಾಲಲ್ಲ ಇದು, ನಿಮಗೆಂದೇ ಬೇರೆ ಕಲಸಿದ್ದು. ಬಳಸುವುದು ಹೇಗೆಂದು ನಿಮಗೆ ನಾನು ಹೇಳಿಕೊಡಬೇಕೇ?

ನಿಮ್ಮ ಅತ್ತೆ ತುಂಗಮ್ಮ ಕೇಳಿದೆ ಎಂದು ಹೇಳಲು ಹೇಳಿದ್ದಾಳೆ.

ಇತಿ,
ಮುಕುಂದಯ್ಯ

ನಿಟ್ಟೂರು
29 ನವೆಂಬರ್ 2024

ಪೂಜ್ಯ ಮಾವನವರಿಗೆ ತೀರ್ಥೇಶನ ಸಾಷ್ಟಾಂಗ ನಮಸ್ಕಾರಗಳು.

ಮೂಟೆ ತಲುಪಿತು. ನಿಮ್ಮ ಕೈಯ ಮಿಶ್ರಣ ಬಿದ್ದ ಮೇಲೆ ಕೋಳಿಗಳ ನಡಿಗೆಯೇ ಬೇರೆ. ಕಾಲು ಕಂಬದ ಹಾಗೆ ನಿಂತಿವೆ. ಮೊನ್ನೆ ಈ ಬ್ಯಾಚು ಹೋಯಿತು. ಕೊಂಡ ವ್ಯಾಪಾರಿ ಹೊಸನಗರದ ಮಂಜಯ್ಯ ಒಂದನ್ನು ಕೈಯಲ್ಲಿ ಎತ್ತಿ ಹಿಡಿದು, “ಎಂತ ಹಾಕ್ತೀರಿ ಮಾರಾಯ್ರೆ ಇದಕ್ಕೆ?” ಎಂದು ಕೇಳಿದ. ನಮ್ಮ ಮಾವನ ಮನೆ ಮಿಶ್ರಣ ಎಂದೆ. ಹೇಳುವಾಗ ನನಗೂ ಎದೆ ಉಬ್ಬಿತು.

ಕಂಪನಿ ಬಿಟ್ಟಾಗ ಊರಿನಲ್ಲಿ ನಕ್ಕವರೇ ಹೆಚ್ಚು. “ಸ್ವಂತ ಕೋಳಿ ಅಂತೆ, ಎಷ್ಟು ದಿನ ನೋಡಾಣ” ಎಂದವರಿದ್ದಾರೆ. ಅವರೆಲ್ಲ ಈಗ ಶೆಡ್ಡಿನ ಮುಂದೆ ಹಾದು ಹೋಗುವಾಗ ಸ್ವಲ್ಪ ನಿಧಾನ ನಡೆಯುತ್ತಾರೆ. ನಾಲ್ಕು ದಿನದಲ್ಲಿ ಹೊಸ ಮರಿ ಬರುತ್ತವೆ. ಈ ಸಲ ಮೊದಲ ದಿನದಿಂದ ಕೊನೆಯ ದಿನದವರೆಗೂ ನಿಮ್ಮ ಮಿಶ್ರಣವೇ.

ಖಾಲಿ ಚೀಲ ತೊಳೆದು ಮಡಚಿ ಶಂಭುವಿನ ಬಸ್ಸಿಗೆ ಹಾಕಿದ್ದೇನೆ. ಕೊಟ್ಟವರ ಚೀಲ ಉಳಿಸಿಕೊಳ್ಳುವುದು ನಮ್ಮ ಮನೆಯಲ್ಲಿ ಇಲ್ಲ. ಬರಿದೇ ಕಳಿಸಬಾರದೆಂದು ಅಮ್ಮ ಸಾರಿನ ಹುಳಿಗೆ ಸ್ವಲ್ಪ ವಾಟೆಹುಳಿ ಹಾಕಿದ್ದಾರೆ.

ದೀಪಶ್ರೀ ಕೊನೆಯಲ್ಲಿ ಎರಡು ಸಾಲು ಬರೆಯುತ್ತೇನೆ ಎಂದಳು. ಹಾಳೆಯಲ್ಲಿ ಜಾಗ ಸಾಲಲಿಲ್ಲ.

ತಮ್ಮ ವಿಧೇಯ,
ತೀರ್ಥೇಶ್

ತೀರ್ಥಹಳ್ಳಿ
6 ಡಿಸೆಂಬರ್ 2024

ಪ್ರೀತಿಯ ಅಳಿಯಂದಿರಿಗೆ ಆಶೀರ್ವಾದಗಳು.

ಚೀಲ ಖಾಲಿಯಾಗಿ ಬಂದದ್ದು ನೋಡಿ ಆಶ್ಚರ್ಯವಾಯಿತು. ನಾನು ಅಂದುಕೊಂಡದ್ದಕ್ಕಿಂತ ಬೇಗ ಮುಗಿದಿದೆ. ಕೂತು ಯೋಚಿಸಿದ ಮೇಲೆ ವಿಷಯ ಹೊಳೆಯಿತು. ನೀವು ಅಕ್ಕಪಕ್ಕದ ಶೆಡ್ಡಿನವರಿಗೂ ಹಂಚಿದ್ದೀರಿ! ಹೇಳಿಕೊಳ್ಳಲು ನಿಮಗೆ ಸಂಕೋಚ. ದೀಪಶ್ರೀಗೆ ಗಂಡು ನೋಡುವಾಗಲೇ ನಾನು ತುಂಗಮ್ಮನಿಗೆ ಹೇಳಿದ್ದೆ, ಈ ಹುಡುಗ ತನ್ನ ಕೈಯಲ್ಲಿದ್ದದ್ದನ್ನು ಮುಚ್ಚಿಟ್ಟುಕೊಂಡು ತಿನ್ನುವವನಲ್ಲ ಎಂದು. ಅದಕ್ಕೇ ಈ ಸಲ ಎರಡು ಮೂಟೆ ಕಳಿಸಿದ್ದೇನೆ. ಧಾರಾಳವಾಗಿ ಕೊಡಿ.

ಇನ್ನೊಂದು ಸಂಗತಿ. ಮೊನ್ನೆ ಸಾಗರದಲ್ಲಿ ಕೋಳಿ ಸಾಕುವವರ ಒಂದು ಸಭೆ ಇತ್ತು. ಅಧ್ಯಕ್ಷರು ಗಣೇಶಮೂರ್ತಿ ಎಂದು, ಒಳ್ಳೆ ತಿಳಿದವರು, ಬಾಯಿ ಮಾತ್ರ ಜೋರು. ಮನೆಯಲ್ಲಿ ಕಲಸಿದ ಮಿಶ್ರಣವನ್ನು ಯಾರು ನಂಬುತ್ತಾರೆ ಎಂದರು. ನಾನು ಎದ್ದು ನಿಂತು, ನಿಟ್ಟೂರಿನಲ್ಲಿ ನನ್ನ ಅಳಿಯನ ಶೆಡ್ಡಿದೆ, ಅಲ್ಲಿಯ ಕೋಳಿಯ ಕಾಲು ನೋಡಿ ಬಂದು ಆಮೇಲೆ ಮಾತಾಡಿ ಎಂದೆ. ಸಭೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಅಥವಾ ಎತ್ತಿದ್ದು ನನಗೆ ಕೇಳಲಿಲ್ಲ. ಏನೇ ಆಗಲಿ, ಗೆದ್ದವನ ಹಾಗೆ ಬಸ್ಸು ಹತ್ತಿದೆ.

ವಾಟೆಹುಳಿಯ ಸಾರು ಚೆನ್ನಾಗಿತ್ತು ಎಂದು ನಿಮ್ಮ ತಾಯಿಯವರಿಗೆ ತಿಳಿಸಿ.

ಮುಕುಂದಯ್ಯ

ನಿಟ್ಟೂರು
20 ಡಿಸೆಂಬರ್ 2024

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಎರಡೂ ಮೂಟೆ ಬಂದವು. ನಿಮ್ಮ ದೊಡ್ಡ ಮನಸ್ಸು. ನಾವು ಇಲ್ಲಿ ಆರಾಮ. ಬೆಳಿಗ್ಗೆ ಚಳಿ ಜಾಸ್ತಿ ಇದೆ, ಕೊಡಚಾದ್ರಿಯ ಕಡೆಯಿಂದ ಗಾಳಿ ಬೀಸುತ್ತದೆ. ಮರಿಗಳಿಗೆ ಬಲ್ಬು ಹೆಚ್ಚು ಹಾಕಿದ್ದೇನೆ.

ಸಾಗರದ ಸಭೆಯ ಸುದ್ದಿ ಓದಿ ಎಲ್ಲರಿಗೂ ಸಂತೋಷವಾಯಿತು. ಅಮ್ಮನಿಗೆ ಎರಡು ಸಲ ಓದಿ ಹೇಳಿದೆ.

ಚೀಲಗಳು ಎರಡೂ ಖಾಲಿ ಮಾಡಿ ಕಳಿಸಿದ್ದೇನೆ. ದೀಪಶ್ರೀ ಬರೆಯಬೇಕೆಂದಿದ್ದಳು, ಪೆನ್ನಿನ ಇಂಕು ಮುಗಿಯಿತು.

ತೀರ್ಥೇಶ್

ತೀರ್ಥಹಳ್ಳಿ
28 ಡಿಸೆಂಬರ್ 2024

ಪ್ರೀತಿಯ ಅಳಿಯಂದಿರಿಗೆ ಆಶೀರ್ವಾದಗಳು.

ನಿಮ್ಮ ಕಾಗದ ಚಿಕ್ಕದಾಗಿತ್ತು. ಕೆಲಸ ಮಾಡುವವನಿಗೆ ಬರೆಯಲು ಬಿಡುವೆಲ್ಲಿ ಎಂದುಕೊಂಡೆ. ಚಳಿಯ ಬಗ್ಗೆ ಬರೆದಿದ್ದೀರಿ, ಕೋಳಿಯ ತೂಕದ ಬಗ್ಗೆ ಬರೆದಿಲ್ಲ. ಕಣ್ಣಾರೆ ನೋಡಿಯೇ ಬಿಡಲಿ ಎಂದು ಬಿಟ್ಟಿರಬೇಕು, ಅಲ್ಲವೇ?

ನೋಡುತ್ತೇವೆ. ಗಣೇಶಮೂರ್ತಿಯವರು ನನ್ನ ಸವಾಲನ್ನು ಮರೆಯಲಿಲ್ಲ, ಅವರೇ ಹೇಳಿ ಕಳಿಸಿದ್ದಾರೆ. ಜನವರಿ 19, ಭಾನುವಾರ, ಸಾಗರ, ಹೊಸನಗರ ಎರಡೂ ಕಡೆಯ ಶೆಡ್ಡಿನವರನ್ನು ಒಂದು ಟೆಂಪೊದಲ್ಲಿ ಕರೆದುಕೊಂಡು ನಿಮ್ಮಲ್ಲಿಗೆ ಬರುತ್ತಾರಂತೆ. ನಾನು ಇಲ್ಲಿಂದ ಬೆಳಗಿನ ಬಸ್ಸಿಗೆ ಬಂದು ಸೇರುತ್ತೇನೆ. ಒಂದು ಪಂಚೆ ಇಸ್ತ್ರಿಗೆ ಕೊಟ್ಟಿದ್ದೇನೆ ಎಂದರೆ ನನ್ನ ಸಂಭ್ರಮ ನೀವೇ ಲೆಕ್ಕ ಹಾಕಿ.

ಜೊತೆಗೆ ಮತ್ತೊಂದು ಮೂಟೆ ಇದೆ. ಮೊದಲಿನದಕ್ಕಿಂತ ತುಸು ಭಾರ ಮಾಡಿಸಿದ್ದೇನೆ.

ಮುಕುಂದಯ್ಯ

ನಿಟ್ಟೂರು
4 ಜನವರಿ 2025

ಪೂಜ್ಯ ಮಾವನವರಿಗೆ ನಮಸ್ಕಾರಗಳು.

19ರಂದು ಬರುವವರ ವಿಷಯ. ಹೊರಗಿನವರು ಶೆಡ್ಡಿನೊಳಗೆ ಬಂದರೆ ಬೇರೆ ಕಡೆಯ ರೋಗ ಚಪ್ಪಲಿಯ ಜೊತೆ ಬರುತ್ತದೆ ಎಂದು ನೀವೇ ಒಮ್ಮೆ ಹೇಳಿದ್ದಿರಿ. ಅಷ್ಟು ಜನ ಒಟ್ಟಿಗೆ ಬರುವುದು ಈಗ ಬೇಡವೆಂದು ಕಾಣುತ್ತದೆ. ಬೇಸಿಗೆಯಲ್ಲಿ ನೋಡೋಣ. ಗಣೇಶಮೂರ್ತಿಯವರಿಗೆ ನೀವೇ ಒಂದು ಮಾತು ತಿಳಿಸಿದರೆ ಉಪಕಾರ.

ಚೀಲ ಕಳಿಸಿದ್ದೇನೆ.

ತೀರ್ಥೇಶ್

ತೀರ್ಥಹಳ್ಳಿ
9 ಜನವರಿ 2025

ಶ್ರೀ ತೀರ್ಥೇಶ್ ಅವರಿಗೆ,

ತಮ್ಮ ಪತ್ರ ತಲುಪಿತು. ರೋಗ ಬರುವುದು ಹೇಗೆ, ಬಾಗಿಲಲ್ಲಿ ಸುಣ್ಣ ಹಾಕಿ ಚಪ್ಪಲಿ ಬಿಡಿಸಿ ಅದನ್ನು ತಡೆಯುವುದು ಹೇಗೆ ಎಂಬುದನ್ನು ಕೆಲಸ ಇರುವಷ್ಟು ದಿನವೂ ಊರೂರಿಗೆ ಹೋಗಿ ಹೇಳಿದವನು ನಾನು. ತಿಳಿಸಿದ್ದಕ್ಕೆ ಸಂತೋಷ.

ಚೀಲ ತಂದು ಕೊಡುವಾಗ ಶಂಭು ಒಂದು ಮಾತು ಹೇಳಿದ. ಅವನಿಗೆ ನನ್ನ ಕಿವಿಯ ಹದ ಗೊತ್ತು, ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ. “ಅಯ್ಯಾ, ನಿಮ್ಮ ಅಳಿಯಂದ್ರ ಶೆಡ್ಡಿನ ಮುಂದೆ ಕಂಪನಿ ಜೀಪು ನಿಂತಿತ್ತು.” ನೀವು ಕಂಪನಿಗೆ ಮತ್ತೆ ಹೋಗುವುದಾದರೆ ಅದು ನಿಮ್ಮ ಶೆಡ್ಡು, ನಿಮ್ಮ ಇಷ್ಟ. ಆದರೆ ಜನ ಬರುವುದು ಬೇಡ ಎಂದದ್ದರ ಅರ್ಥ ನನಗೆ ಈಗ ಆಯಿತು. ಹಿತ್ತಲಲ್ಲಿ ಪುಡಿ ಕಲಸುವ ಮುದುಕ ಮಾವನನ್ನು ನಾಲ್ಕು ಜನರ ಮುಂದೆ ನನ್ನ ಮಾವ ಎಂದು ತೋರಿಸಲು ನಿಮಗೆ ನಾಚಿಕೆಯಾಗಿದೆ. ಹಾಗಿದ್ದರೆ ಮೊದಲನೆಯ ಮೂಟೆಯನ್ನೇ ಬೇಡ ಎನ್ನಬಹುದಿತ್ತು.

ನಾನು ಇನ್ನೂ ಗಣೇಶಮೂರ್ತಿಗೆ ಏನೂ ಹೇಳಿಲ್ಲ. ಏನು ಹೇಳಬೇಕೆಂದು ತಿಳಿಯುತ್ತಿಲ್ಲ. ಇಸ್ತ್ರಿ ಮಾಡಿಸಿದ ಪಂಚೆಯನ್ನು ತುಂಗಮ್ಮ ಪೆಟ್ಟಿಗೆಯೊಳಗೆ ಇಟ್ಟಳು.

ಮುಕುಂದಯ್ಯ

ನಿಟ್ಟೂರು
11 ಜನವರಿ 2025

ಮಾವ,

ನಾಚಿಕೆ ಆಗಿದೆ. ಆದರೆ ನಿಮ್ಮ ಬಗ್ಗೆ ಅಲ್ಲ. ಈ ಕಾಗದ ಬರೆಯುವಾಗ ದೀಪಶ್ರೀ ಎದುರಿಗೇ ಕೂತಿದ್ದಾಳೆ, ಒಂದು ಸುಳ್ಳು ಬಿದ್ದರೆ ಹಾಳೆ ಹರಿಯುತ್ತೇನೆ ಎಂದಿದ್ದಾಳೆ.

ಕೋಳಿಗಳು ಕಾಲು ಬಿಟ್ಟಿವೆ. ಕೆಲವು ಏಳಲಾರದೆ ಕೂತಲ್ಲೇ ಕೂತಿವೆ, ಕೆಲವು ಮೊಣಕಾಲಿನ ಮೇಲೆ ತೆವಳಿ ನೀರಿಗೆ ಬರುತ್ತವೆ. ಸುಮ್ಮನೆ ನೀರು ಕುಡಿಯುತ್ತವೆ, ನೀರಾಗಿ ಹಿಕ್ಕೆ ಹಾಕುತ್ತವೆ, ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಎಲ್ಲ ಒದ್ದೆ. ಇಷ್ಟು ಹೊತ್ತಿಗೆ ಎರಡು ಕಿಲೋ ಹತ್ತಿರ ಬರಬೇಕಾದವು ಒಂದೂಕಾಲು ಕಿಲೋದಲ್ಲಿ ನಿಂತಿವೆ. ಕಂಪನಿಯ ಸೂಪರ್‌ವೈಸರ್ ಹೇಗೋ ಸುದ್ದಿ ತಿಳಿದು ಬಂದ. ಕರಾರು ಪತ್ರ ಬಿಟ್ಟು ಹೋಗಿದ್ದಾನೆ. ತಿಂಗಳ ಕೊನೆಯೊಳಗೆ ಸಹಿ ಹಾಕಿದರೆ ಶೆಡ್ಡಿಗೆ ಅವರ ಮರಿ ಬರುತ್ತವೆ. ಹಾಕದಿದ್ದರೆ, ಈ ಬ್ಯಾಚು ಬಿದ್ದ ಮೇಲೆ ನನ್ನನ್ನು ನಂಬುವವರು ಯಾರು? ನಾನು ಮತ್ತೆ ನನ್ನ ಶೆಡ್ಡಿನಲ್ಲೇ ಆಳಾಗಬೇಕು ಮಾವ.

ಈಗ ಮೂಟೆಯ ವಿಷಯ. ನಾನು ಯಾರಿಗೂ ಹಂಚಿಲ್ಲ. ಚೀಲ ವಾಪಸ್ ಕೊಡಬೇಕಲ್ಲ ಎಂದು ಮೊದಲ ಮೂಟೆಯನ್ನು ಡ್ರಮ್ಮಿಗೆ ಸುರಿದು ಚೀಲ ಕಳಿಸಿದೆ. ನೀವು ಖಾಲಿಯಾಯಿತೆಂದು ತಿಳಿದು ಎರಡು ಕಳಿಸಿದಿರಿ. ಅವನ್ನೂ ಸುರಿದೆ. ಡ್ರಮ್ಮು ತುಂಬಿತು. ಇನ್ನು ಸಾಕು ಎಂದು ಬರೆಯಿರಿ ಎಂದು ದೀಪಶ್ರೀ ತಲೆ ತಿಂದಳು. ಮಾವ ಕೊಟ್ಟದ್ದನ್ನು ಅಳಿಯ ಸಾಕು ಎನ್ನುವುದು ಹೇಗೆ? ಮದುವೆಯಾದ ಹೊಸದರಲ್ಲಿ ನಿಮ್ಮ ಮನೆಗೆ ಬಂದಾಗ ಅತ್ತೆ ಕಡುಬು ಬಡಿಸಿದ್ದು ನೆನಪಿದೆಯಾ? ಎಲೆಗೆ ಕೈ ಅಡ್ಡ ಹಿಡಿದರೆ ಕೈಯ ಮೇಲೇ ಬಡಿಸಿದ್ದರು. ನಾನು ತಿಂದೆ. ಏಳಲಾರದೆ ಅಲ್ಲೇ ಗೋಡೆಗೆ ಒರಗಿದೆ. ಬೇಡ ಎನ್ನಲಿಲ್ಲ.

ನೀವು ಯಾವತ್ತಾದರೂ ಬಂದೇ ಬರುತ್ತೀರಿ ಎಂದುಕೊಂಡೆ. ಬಂದು ತುಂಬಿದ ಡ್ರಮ್ಮು ನೋಡಿದರೆ ನೊಂದುಕೊಳ್ಳುತ್ತೀರಿ ಎಂದು ಅದನ್ನು ಖಾಲಿ ಮಾಡಲು ಹೊರಟೆ. ಮೊದಲು ಅಂಗಡಿಯ ಮಿಶ್ರಣದ ಚೀಟಿಯಲ್ಲಿದ್ದ ಅಳತೆಯಲ್ಲೇ ಹಾಕುತ್ತಿದ್ದವನು ಎರಡು ಪಾಲು ಮಾಡಿದೆ. ಮತ್ತೊಂದು ಮೂಟೆಯ ಜೊತೆ ನೀವು ಬರುವ ಸುದ್ದಿಯೂ ಬಂದ ಮೇಲೆ ಅಳತೆಯನ್ನೇ ಬಿಟ್ಟೆ. ಖನಿಜ ತಾನೆ, ಎಲುಬಿಗೆ ಒಳ್ಳೆಯದೇ, ಹೆಚ್ಚಾದರೆ ಇನ್ನೂ ಗಟ್ಟಿಯಾಗಲಿ ಎಂದುಕೊಂಡೆ.

ಹೋದ ಬ್ಯಾಚಿನ ಕಾಲು ನಿಂತದ್ದೂ ನಿಮ್ಮ ಮಿಶ್ರಣದಿಂದಲ್ಲ, ಹೆಚ್ಚಿನ ಪಾಲು ಅಂಗಡಿಯದ್ದೇ ಬಿದ್ದಿತ್ತು. ನಿಮ್ಮದು ಕೊನೆಯಲ್ಲಿ ಒಂದು ಹಿಡಿ. ಅದನ್ನೂ ಈಗಲೇ ಹೇಳಿಬಿಡುತ್ತೇನೆ.

ಇದು ನಿಮ್ಮ ಮಿಶ್ರಣದ ದೋಷವೋ ನನ್ನದೋ? ನೀವು ಹೇಳಿದ್ದನ್ನು ನಂಬುತ್ತೇನೆ. ಬೈಯುವುದಾದರೆ ಬೈಯಿರಿ.

ತೀರ್ಥೇಶ್

ಅಪ್ಪ, ಜಾಗ ಇತ್ತು, ಇಂಕೂ ಇತ್ತು. ಇವರು ಬರೆಯಲು ಬಿಡಲಿಲ್ಲ. — ದೀಪಶ್ರೀ

ತೀರ್ಥಹಳ್ಳಿ
13 ಜನವರಿ 2025

ತೀರ್ಥೇಶ್,

ಇದನ್ನು ಮೂಟೆಯಲ್ಲಿ ಇಡಲಿಲ್ಲ, ಶಂಭುವಿನ ಅಂಗಿಯ ಜೇಬಿಗೆ ಪಿನ್ನು ಹಾಕಿ ಚುಚ್ಚಿದ್ದೇನೆ. ಓದಿದ ಕೂಡಲೇ ಎದ್ದು ಕೆಲಸ ಮಾಡಿ.

ಡ್ರಮ್ಮಿನ ಬಾಯಿ ಮುಚ್ಚಿ. ಮಿಶ್ರಣ ಬಿದ್ದ ಫೀಡನ್ನೆಲ್ಲ ತೆಗೆಯಿರಿ, ಬರೀ ಮೆಕ್ಕೆಜೋಳ, ಸೋಯಾ ಹಿಂಡಿ ಕಲಸಿದ್ದು ಹಾಕಿ. ಒಳ್ಳೆ ನೀರು ಯಾವಾಗಲೂ ಇರಲಿ. ಒದ್ದೆ ಹೊಟ್ಟು ಹೊರಗೆ ಎಳೆದು ಒಣ ಹೊಟ್ಟು ಹಾಸಿ. ಏಳಲಾರದವನ್ನು ಬೇರೆ ಮಾಡಿ, ಇಲ್ಲದಿದ್ದರೆ ಉಳಿದವು ತುಳಿಯುತ್ತವೆ. ಒಂದು ಕೋಳಿ ಹಿಡಿದುಕೊಂಡು ಹೊಸನಗರದ ಪಶುವೈದ್ಯರ ಹತ್ತಿರ ಹೋಗಿ. ನನ್ನ ಮಾತನ್ನು ನಂಬುತ್ತೇನೆ ಎಂದಿರಿ. ಬೇಡ, ಅವರೂ ನೋಡಲಿ.

ನೂರು ಕಿಲೋ ಫೀಡಿಗೆ ಎರಡೂವರೆ ಕಿಲೋ. ಅದಕ್ಕಿಂತ ಒಂದು ಹಿಡಿಯೂ ಬೇಡ. ಸುಣ್ಣದ ಅಂಶ ಮಿತಿ ಮೀರಿದರೆ ರಂಜಕ, ಸತು ಯಾವುದನ್ನೂ ಮೈಗೆ ಹತ್ತಗೊಡುವುದಿಲ್ಲ. ಫೀಡಿನ ತೊಟ್ಟಿಯಲ್ಲಿ ಎಲ್ಲ ಇರುತ್ತದೆ, ಕೋಳಿ ಒಳಗೊಳಗೇ ಉಪವಾಸ ಬೀಳುತ್ತದೆ. ಉಪ್ಪು ಹೆಚ್ಚಾದರೆ ನೀರು ಕುಡಿದೂ ಕುಡಿದೂ ಶೆಡ್ಡೇ ಒದ್ದೆ. ಹೆಚ್ಚಾದರೆ ಗಟ್ಟಿಯಾಗುತ್ತದಂತೆ! ಯಾರ್ರೀ ಹೇಳಿದ್ದು ನಿಮಗೆ? ಓದಿದವರು, ಐದು ವರ್ಷ ಕೋಳಿ ಸಾಕಿದವರು, ಬುದ್ಧಿ ಎಲ್ಲಿಟ್ಟಿದ್ದಿರಿ? ಅಳಿಯನಿಗೆ ಹೀಗೆ ಬರೆದದ್ದು ನನ್ನ ಜನ್ಮದಲ್ಲಿ ಇದೇ ಮೊದಲು. ಬರೆದ ಮೇಲೆ ಹಗುರಾಗಿದೆ.

ಇನ್ನು ನನ್ನ ಪಾಲು. ನಾನು ಮಾರುವ ಪ್ರತಿ ಮೂಟೆಯ ಬಾಯಿಗೂ ಅಳತೆಯ ಚೀಟಿ ಸೇರಿಸಿ ಹೊಲಿಯುತ್ತೇನೆ. ನಿಮ್ಮದಕ್ಕೆ ಹೊಲಿಯಲಿಲ್ಲ. ಅಂಗಡಿಯ ಸಾಮಾನು ಕೊಟ್ಟ ಹಾಗಾಗುತ್ತದೆ, ಮಗಳ ಮನೆಗೆ ಇಷ್ಟೇ ಬಳಸಿ ಎಂದು ಅಳತೆ ಬರೆದು ಕಳಿಸುವ ಮಾವ ಯಾರಿದ್ದಾರೆ ಎಂದುಕೊಂಡೆ. ನೀವು ಬೇಡ ಎನ್ನಲಾರದೆ ಹಾಕಿದಿರಿ, ನಾನು ಇಷ್ಟೇ ಎನ್ನಲಾರದೆ ಕಳಿಸಿದೆ. ನಮ್ಮಿಬ್ಬರ ಮರ್ಯಾದೆಯನ್ನು ಆ ಕೋಳಿಗಳು ತಿಂದವು.

ಹೋದ ಬ್ಯಾಚಿನ ವಿಷಯ ಓದಿ ಸ್ವಲ್ಪ ನೋವಾಯಿತು. ಪರವಾಗಿಲ್ಲ. ಸಾಗರದ ಸಭೆಯಲ್ಲಿ ಅಂಗಡಿಯ ಮಿಶ್ರಣಕ್ಕೆ ಜೈಕಾರ ಹಾಕಿ ಬಂದಿರಲ್ಲ ಎಂದು ತುಂಗಮ್ಮ ನಗುತ್ತಿದ್ದಾಳೆ.

19ಕ್ಕೆ ಬರುವವರನ್ನು ನಾನು ತಡೆಯುವುದಿಲ್ಲ. ಬರಲಿ, ನೋಡಲಿ. ಬಾಗಿಲಲ್ಲಿ ಸುಣ್ಣ ಹಾಕಿ. ನಾನು ಬರುವುದಿಲ್ಲ. ಬಂದರೆ ನಿಮ್ಮ ಬಾಯಿಂದ ಮಾತು ಕಿತ್ತುಕೊಂಡು ನಾನೇ ಆಡುತ್ತೇನೆ, ನನಗೆ ಆ ಚಾಳಿ ಇದೆ. ಶೆಡ್ಡು ನಿಮ್ಮದು. ಏನು ತೋರಿಸಬೇಕು, ಏನು ಹೇಳಬೇಕು, ಕಂಪನಿಯ ಕಾಗದಕ್ಕೆ ಸಹಿ ಹಾಕಬೇಕೋ ಬೇಡವೋ, ಎಲ್ಲ ನಿಮಗೆ ಬಿಟ್ಟದ್ದು. ಮಿಶ್ರಣ ಕೆಟ್ಟದ್ದು ಎಂದು ಹೇಳಿ ಪಾರಾದರೂ ನಾನು ಎದುರಾಡುವುದಿಲ್ಲ. ನನಗೆ ಮೂಟೆ ಮಾರಿ ಬದುಕಬೇಕಾದ್ದಿಲ್ಲ, ನಿಮಗೆ ಶೆಡ್ಡಿನಿಂದ ಬದುಕಬೇಕು.

ಮುಕುಂದಯ್ಯ

ನಿಟ್ಟೂರು
20 ಜನವರಿ 2025

ಮಾವನವರಿಗೆ ನಮಸ್ಕಾರ.

ನಿನ್ನೆಯ ಸುದ್ದಿಯನ್ನು ಶಂಭು ತನ್ನದೇ ಮಸಾಲೆ ಹಾಕಿ ಹೇಳುವ ಮೊದಲು ನಾನು ಬರೆಯುತ್ತಿದ್ದೇನೆ.

ಪಶುವೈದ್ಯರು ಕೋಳಿ ಕೊಯ್ದು ನೋಡಿ ನೀವು ಬರೆದದ್ದನ್ನೇ ಹೇಳಿದರು. ಒಣ ಹೊಟ್ಟು ಹಾಸಿ, ಫೀಡು ಬದಲಿಸಿದ ಮೇಲೆ ಕೆಲವು ಎದ್ದು ಓಡಾಡಿದವು. ಎಲ್ಲವೂ ಏಳಲಿಲ್ಲ. ಭಾನುವಾರ ಬೆಳಿಗ್ಗೆ, ಏಳದವನ್ನು ಹಿಂದಿನ ಕೊಟ್ಟಿಗೆಯಲ್ಲಿ ಮುಚ್ಚಿಡೋಣವೇ ಎಂದು ಒಂದು ಗಳಿಗೆ ಅನಿಸಿತು. ದೀಪಶ್ರೀ ನನ್ನ ಮುಖ ನೋಡಿದಳು. ಬಿಟ್ಟೆ.

ಟೆಂಪೊ ಬಂತು. ಗಣೇಶಮೂರ್ತಿ, ಸಾಗರದ ಭೂತಪ್ಪ, ಹೊಸನಗರದ ಕೆರಿಯಪ್ಪ, ಇನ್ನೂ ಕೆಲವರು. ಅವರ ಹಿಂದೆಯೇ ಕಂಪನಿಯ ಜೀಪು. ಇಷ್ಟು ಜನ ಸೇರುವಾಗ ನನ್ನ ಕೈಯಲ್ಲಿ ಎಲ್ಲರೆದುರು ಸಹಿ ಹಾಕಿಸಿದರೆ ಉಳಿದವರೂ ಅವನ ಹಿಂದೆ ಬರುತ್ತಾರೆ ಎಂಬುದು ಸೂಪರ್‌ವೈಸರನ ಲೆಕ್ಕ. ಎಲ್ಲರೂ ಸುಣ್ಣ ತುಳಿದು ಒಳಗೆ ಬಂದರು. ಕೋಳಿ ನೋಡಿದರು.

“ಇದೇನಾ ಕಂಬದಂಥ ಕಾಲು?” ಎಂದರು ಗಣೇಶಮೂರ್ತಿ.

ಸೂಪರ್‌ವೈಸರ್ ನನ್ನ ಪರವಾಗಿ ಮಾತಾಡುವವನ ಹಾಗೆ ಮುಂದೆ ಬಂದ. “ಇವರದ್ದೆಂತ ತಪ್ಪಿಲ್ಲ ಸಾರ್. ಮನೇಲಿ ಕಲಸಿದ ಪುಡಿ ಹಾಕಿದ್ರೆ ಹೀಗೇ ಆಗೋದು. ಹೌದಲ್ದಾ ತೀರ್ಥೇಶಣ್ಣ?”

ಹೌದು ಎಂದರೆ ಸಾಕಿತ್ತು. ನೀವೂ ಒಪ್ಪಿಗೆ ಕೊಟ್ಟಿದ್ದಿರಿ. ಒಪ್ಪಿಗೆ ಕೊಟ್ಟದ್ದೇ ತಪ್ಪಾಯಿತು ನೋಡಿ, ಆ ಸಾಲು ನೆನಪಾಗಿ ನನಗೆ ಸಿಟ್ಟು ಬಂತು. ಅಷ್ಟು ಸುಲಭಕ್ಕೆ ನಿಮ್ಮ ಹೆಸರು ಮಾರಿಕೊಳ್ಳುವ ಅಳಿಯ ಅಂದುಕೊಂಡಿರಾ?

ಏಳಲಾರದ ಒಂದನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡೆ. “ಮಿಶ್ರಣ ಸರಿ ಇದೆ. ನಮ್ಮ ಮಾವ ಒಂದರ ಮೇಲೆ ಒಂದು ಮೂಟೆ ಕಳಿಸಿದ್ರು. ಸಾಕು ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಮುಗಿಸ್ಬೇಕು ಅಂತ ಕೋಳಿಗೆ ತಿನ್ನಿಸ್ದೆ. ಎರಡೂವರೆ ಕಿಲೋ ಹಾಕೋ ಕಡೆ ಐದು, ಆರು ಹಾಕ್ದೆ. ಇದು ಅದರ ಫಲ. ನೋಡ್ಕಳಿ, ನೀವು ಯಾರೂ ಹೀಗೆ ಮಾಡ್ಬೇಡಿ” ಎಂದೆ.

ಮೊದಲು ನಕ್ಕವನು ಭೂತಪ್ಪ. “ನಮ್ಮನೇಲಿ ಮಾವ ಕೊಟ್ಟ ಗೋಡೆ ಗಡಿಯಾರ ನಾಕಿದಾವೆ ಮಾರಾಯ. ಒಂದೂ ನಡೆಯಲ್ಲ. ಇಳಿಸೋ ಧೈರ್ಯ ನಂಗೂ ಇಲ್ಲ” ಎಂದ. ಆಮೇಲೆ ಶೆಡ್ಡೇ ಹಾರಿ ಹೋಗುವ ಹಾಗೆ ನಗು. ಅಲ್ಲಿದ್ದವರೆಲ್ಲ ಯಾರದ್ದೋ ಅಳಿಯಂದಿರೇ ತಾನೆ. ಸೂಪರ್‌ವೈಸರ್ ಕೂಡ ಬಾಯಿಗೆ ಕೈ ಅಡ್ಡ ಹಿಡಿದ.

ಗಣೇಶಮೂರ್ತಿ ಮಾತ್ರ ನಗಲಿಲ್ಲ. ಅಳತೆ ಎಷ್ಟು, ಹೆಚ್ಚಾದಾಗ ಮೊದಲು ಕಾಣುವುದೇನು, ಹಿಕ್ಕೆಯಲ್ಲೋ ಕಾಲಲ್ಲೋ, ಎಲ್ಲ ಕೇಳಿದರು. ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಹೊರಡುವಾಗ, “ದಪ್ಪ ಕೋಳಿ ತೋರಿಸೋರು ಬೇಕಾದಷ್ಟು ಜನ ಇದಾರೆ. ಬಿದ್ದ ಕೋಳಿ ತೋರಿಸ್ದೋನ್ನ ಇವತ್ತೇ ನೋಡಿದ್ದು. ನಿಮ್ಮ ಮಾವಂಗೆ ಹೇಳಿ, ನಂಗೊಂದು ಮೂಟೆ ಬೇಕು. ಚೀಟಿ ಹೊಲ್ದು ಕಳಿಸ್ಲಿ” ಎಂದರು.

ಕರಾರು ಪತ್ರವನ್ನು ಸೂಪರ್‌ವೈಸರ್ ಕೈಗೆ ವಾಪಸ್ ಕೊಟ್ಟೆ. ಇನ್ನೊಂದು ಬ್ಯಾಚು ನಾನೇ ಬಿಡುತ್ತೇನೆ, ಅದೂ ಬಿದ್ದರೆ ನೀವು ಬರುವುದು ಬೇಡ, ನಾನೇ ಹುಡುಕಿಕೊಂಡು ಬರುತ್ತೇನೆ ಎಂದೆ. ಹೇಳಿದ ಮೇಲೆ ಹೆದರಿಕೆ ಆಯಿತು. ಈಗಲೂ ಇದೆ. ಮರಿ ತರಲು ದೀಪಶ್ರೀಯ ಮಹಿಳಾ ಸಂಘದವರು ಸಾಲ ಕೊಡಲು ಒಪ್ಪಿದ್ದಾರೆ. ಇದು ಕೊನೆಯ ಅವಕಾಶ.

ತೀರ್ಥೇಶ್

ತೀರ್ಥಹಳ್ಳಿ
23 ಜನವರಿ 2025

ತೀರ್ಥೇಶ್,

ನಿಮ್ಮ ಕಾಗದವನ್ನು ತುಂಗಮ್ಮ ಗಟ್ಟಿಯಾಗಿ ಓದಿದಳು. ನನಗೆ ಕಣ್ಣು ಮಂಜಾಗಿ ಓದಲು ಆಗಲಿಲ್ಲ.

ಹೆಚ್ಚು ಬರೆಯಲಾರೆ. ಈ ಬ್ಯಾಚು ಸಾಗಿಸಿ, ಶೆಡ್ಡು ಪೂರ್ತಿ ತೊಳೆದು, ಸುಣ್ಣ ಬಳಿದು, ಒಣಗಲು ಬಿಟ್ಟು ಆಮೇಲೆ ಮರಿ ತನ್ನಿ. ಡ್ರಮ್ಮಿನಲ್ಲಿ ಉಳಿದದ್ದು ಕೆಟ್ಟಿಲ್ಲ, ಅದನ್ನೇ ತೂಗಿ ಹಾಕಿ. ತಕ್ಕಡಿ ಇಲ್ಲದೆ ಕೈ ಹಾಕಬೇಡಿ.

ಮುಕುಂದಯ್ಯ

ನಿಟ್ಟೂರು
9 ಮಾರ್ಚ್ 2025

ಮಾವ,

ಇವತ್ತು ಬೆಳಿಗ್ಗೆ ಮಂಜಯ್ಯ ಬಂದು ತೂಗಿದ. ಎರಡು ಕಿಲೋ ದಾಟಿವೆ. ಕಾಲು ಬಿಟ್ಟ ಕೋಳಿ ಇಡೀ ಶೆಡ್ಡಿನಲ್ಲಿ ಹುಡುಕಿದರೂ ಇಲ್ಲ. ಹಿಡಿಯಲು ಹೋದರೆ ಓಡಿ ಓಡಿ ಅವನಿಗೆ ಏದುಸಿರು ಬಂತು. “ಎಂತ ಹಾಕ್ತೀರಿ?” ಎಂದು ಮತ್ತೆ ಕೇಳಿದ. ಈ ಸಲ ಹೇಳಿದ್ದು ಪೂರ್ತಿ ನಿಜ. ಮೊದಲ ದಿನದಿಂದ ಕೊನೆಯವರೆಗೂ ನಿಮ್ಮದೇ, ಒಂದು ಹಿಡಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಕಂಪನಿಯ ಜೀಪು ರಸ್ತೆಯಲ್ಲಿ ನಿಲ್ಲದೆ ಹೋಯಿತು. ಶೆಡ್ಡು ನಮ್ಮದಾಗಿಯೇ ಉಳಿಯಿತು.

ಮೊನ್ನೆ ಶಂಭು ಇನ್ನೊಂದು ಮೂಟೆ ಇಳಿಸಿ ಹೋದ. ಮುಂದಿನ ಬ್ಯಾಚಿಗೆ ಆಗುವಷ್ಟು ಡ್ರಮ್ಮಿನಲ್ಲೇ ಇದೆ. ಹೊಲಿಗೆ ಬಿಚ್ಚಿಲ್ಲ. ನಾಳೆಯ ಬಸ್ಸಿಗೆ ವಾಪಸ್ ಹಾಕುತ್ತಿದ್ದೇನೆ.

ಬೇಜಾರು ಮಾಡಿಕೊಳ್ಳಬೇಡಿ ಎಂದು ಬರೆಯಲು ಹೊರಟಿದ್ದೆ. ಮಾಡಿಕೊಂಡರೆ ಮಾಡಿಕೊಳ್ಳಿ. ಸಾಕು ಮಾವ.

ತೀರ್ಥೇಶ್

ತೀರ್ಥಹಳ್ಳಿ
12 ಮಾರ್ಚ್ 2025

ತೀರ್ಥೇಶಾ,

ಪರೀಕ್ಷೆ ಮಾಡಲು ಕಳಿಸಿದ್ದು ಎಂದುಕೊಳ್ಳಬೇಡಿ, ಅಷ್ಟು ಜಾಣತನ ನನಗಿಲ್ಲ. ಚೆನ್ನಾಗಿ ಕಲಸಿ ಬಂದಿತ್ತು, ಕೈ ತಡೆಯಲಿಲ್ಲ, ಕಳಿಸಿದೆ.

ಮೊನ್ನೆ ಬಸ್ಸಿನ ಮೇಲಿನಿಂದ ಶಂಭು ಮೂಟೆ ಇಳಿಸುವಾಗ ಖಾಲಿ ಚೀಲ ಎಂದು ಒಂದು ಕೈ ಚಾಚಿದೆ. ತುಂಬಿದ ಮೂಟೆ. ಒಂದು ಗಳಿಗೆ ಎದೆಗೆ ಚುಚ್ಚಿದ ಹಾಗಾಯಿತು, ಸುಳ್ಳೇಕೆ ಹೇಳಲಿ. ಮಗಳನ್ನು ಕೊಟ್ಟ ಮನೆಯಿಂದ ಕೊಟ್ಟದ್ದು ವಾಪಸ್ ಬಂದದ್ದು ನಮ್ಮ ಕಡೆ ಯಾರೂ ಕೇಳಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ನಿಮ್ಮ ಕಾಗದ ಓದಿದೆ. ಎರಡು ಕಿಲೋ ದಾಟಿವೆ ಎಂಬಲ್ಲಿ ನಿಂತು ಮತ್ತೆ ಓದಿದೆ. ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ.

ಆಟೋದವನು ಹತ್ತಿ ಎಂದ. ಬೇಡ ಎಂದು ಹಮಾಲಿಯೊಬ್ಬನ ತಲೆಯ ಮೇಲೆ ಮೂಟೆ ಹೊರಿಸಿ, ಹತ್ತಿರದ ದಾರಿ ಬಿಟ್ಟು, ಪೇಟೆಯ ನಡುವಿನಲ್ಲೇ ನಡೆಸಿಕೊಂಡು ಬಂದೆ. ಅಂಗಡಿ ಅಂಗಡಿಯಲ್ಲೂ ಕೇಳಿದರು. “ಎಂತ ಮುಕುಂದಯ್ಯನೋರೆ, ನಿಮ್ಮ ಮೂಟೆ ವಾಪಸ್ ಬಂತಾ?”

ಕಿವಿ ಕೇಳುವವರಿಗಿಂತ ಜೋರಾಗಿ ಹೇಳಿದೆ.

“ಬಂತು ಮಾರಾಯ್ರೆ. ನಮ್ಮನೆ ಹುಡುಗ ಸಾಕು ಅಂದ.”

ಮುಕುಂದಯ್ಯ